ಬ್ರಿಟಿಷ್ ಹಳೆಯ ಸ್ಪೋರ್ಟ್ಸ್ ಕಾರು ಮತ್ತು ಹರಾಜು: ಬಳ್ಳಾರಿಯಲ್ಲಿದ್ದುಕೊಂಡು ಎಲ್ಲಿಂದ ಆರಂಭಿಸಬೇಕು?

ಪ್ರಶ್ನೆ: ಕೋಟೆಗುಡ್ಡ, ಬಳ್ಳಾರಿ

ಎಲ್ಲರಿಗೂ ನಮಸ್ಕಾರ. ನಮ್ಮ ತಾತನವರು ಸಂಡೂರಿನ ಮ್ಯಾಂಗನೀಸ್ ಗಣಿಯೊಂದರ ಕಚೇರಿಯಲ್ಲಿ ಲೆಕ್ಕ ಬರೆಯುತ್ತಿದ್ದರು. ಅಲ್ಲಿದ್ದ ಆಂಗ್ಲ ಎಂಜಿನಿಯರೊಬ್ಬರು ತಮ್ಮ ದೇಶಕ್ಕೆ ಮರಳುವಾಗ ಎಂ.ಜಿ. ಕಂಪನಿಯ ಟಿಸಿ ಎಂಬ ಸ್ಪೋರ್ಟ್ಸ್ ಕಾರನ್ನು ಯಾರಿಗೋ ಮಾರಿ, ಅದರ ಕೈಪಿಡಿಯನ್ನೂ ಅಷ್ಟಕೋನದ ಲಾಂಛನವನ್ನೂ ಬ್ರಿಟನ್ನಿನ ವಾಹನ ಸವಾರರ ಸಂಘವಾದ ಆಟೊಮೊಬೈಲ್ ಅಸೋಸಿಯೇಷನ್ನಿನ ರೆಕ್ಕೆಯುಳ್ಳ ಬ್ಯಾಡ್ಜನ್ನೂ ತಾತನವರಿಗೆ ಕೊಟ್ಟುಹೋದರಂತೆ. ಇವು ಮೂರೂ ಈಗ ನನ್ನ ಬಳಿ ಇವೆ. ಆ ಕೈಪಿಡಿಯ ಚಿತ್ರಗಳನ್ನು ನೋಡುತ್ತಲೇ ಬೆಳೆದ ನನಗೆ, ಅದೇ ಮಾದರಿಯ ಕಾರೊಂದನ್ನು ಮನೆಗೆ ತರಬೇಕೆಂಬ ಆಸೆ ಬಹಳ ಕಾಲದಿಂದ ಇದೆ.

ಇಂಗ್ಲೆಂಡಿನ ಹರಾಜು ಸಂಸ್ಥೆಗಳು ಈಗ ಆನ್‌ಲೈನಿನಲ್ಲೇ ಸವಾಲು ಸ್ವೀಕರಿಸುವುದರಿಂದ, ಕಳೆದ ಕೆಲವು ತಿಂಗಳಿಂದ ಅವರ ಕ್ಯಾಟಲಾಗುಗಳನ್ನು ತಪ್ಪದೆ ಓದುತ್ತಿದ್ದೇನೆ. ಅಲ್ಲಿ ಕಾಣುವ ಬೆಲೆಗೂ ಕಾರು ಬಳ್ಳಾರಿಗೆ ಬಂದು ನಿಲ್ಲುವಾಗ ಆಗುವ ಖರ್ಚಿಗೂ ಎಷ್ಟು ಅಂತರವಿರುತ್ತದೆ? ಟಿಸಿ ಕೊಳ್ಳುವುದು ಲೇಸೋ, ಅದೇ ಕಂಪನಿಯ, ಸುಲಭವಾಗಿ ಸಿಗುವ ನಂತರದ ಮಾದರಿ ಎಂ.ಜಿ.ಬಿ ಲೇಸೋ? ನಮ್ಮ ಬಿಸಿಲಿಗೂ ಅದಿರಿನ ಧೂಳಿಗೂ ಅವು ತಾಳಿಕೊಳ್ಳುತ್ತವೆಯೆ? ಕಾರಿಗೆ ಕೈ ಹಾಕುವ ಮೊದಲು ಬ್ಯಾಡ್ಜು, ಫಲಕಗಳಂತಹ ವಸ್ತುಗಳನ್ನೇ ಸಂಗ್ರಹಿಸುತ್ತ ಹೋಗುವುದು ಒಳ್ಳೆಯದೇ? ತಿಳಿದವರು ದಯವಿಟ್ಟು ವಿವರವಾಗಿ ಹೇಳಬೇಕು.

ಉತ್ತರ 1: ಹಳೇ ಗ್ಯಾರೇಜು, ಬಳ್ಳಾರಿ

ನಿಮ್ಮ ಪ್ರಶ್ನೆ ಓದಿ ಬಹಳ ಸಂತೋಷವಾಯಿತು. ನಮ್ಮದು ಅಂಬಾಸಡರ್ ಕಾರುಗಳ ದುರಸ್ತಿಯಿಂದ ಬೆಳೆದ ಗ್ಯಾರೇಜು. ಬ್ರಿಟಿಷ್ ಗಾಡಿಗಳ ಮೇಲಿನ ಪ್ರೀತಿಯೂ ಅಲ್ಲಿಂದಲೇ ಬಂದದ್ದು. ಆದ್ದರಿಂದ ಯಂತ್ರದ ಮಾತಷ್ಟನ್ನು ನಾನು ಹೇಳುತ್ತೇನೆ.

ಟಿಸಿ 1945ರಿಂದ 1949ರವರೆಗೆ ಆಕ್ಸ್‌ಫರ್ಡ್ ಸಮೀಪದ ಆಬಿಂಗ್‌ಡನ್ ಕಾರ್ಖಾನೆಯಲ್ಲಿ ಸುಮಾರು 10,000ದಷ್ಟು ತಯಾರಾದ ಕಾರು. ಅಮೆರಿಕಕ್ಕೆ ಹೋದವುಗಳೂ ಸೇರಿದಂತೆ ಎಲ್ಲವೂ ಬಲಗಡೆಯ ಸ್ಟೀರಿಂಗಿನವೇ ಆಗಿರುವುದು ನಮಗೆ ದೊಡ್ಡ ಅನುಕೂಲ. 1955ರಲ್ಲಿ ಬಂದ ಎಂ.ಜಿ.ಎ ಮತ್ತು 1962ರಿಂದ 1980ರವರೆಗೆ ನಡೆದ ಎಂ.ಜಿ.ಬಿ ಬಹುಪಾಲು ಹೊರದೇಶಗಳಿಗೆ, ಮುಖ್ಯವಾಗಿ ಅಮೆರಿಕಕ್ಕೆ ರಫ್ತಾದವು. ಆ ಕಾರಣದಿಂದ ಅಗ್ಗವಾಗಿ ಕಾಣುವ ಅನೇಕ ಗಾಡಿಗಳು ಎಡಗಡೆಯ ಸ್ಟೀರಿಂಗಿನವಾಗಿರುತ್ತವೆ. ಕ್ಯಾಟಲಾಗಿನ ಬೆಲೆ ನೋಡಿ ಹಿಗ್ಗುವ ಮೊದಲು ಸ್ಟೀರಿಂಗ್ ಚಕ್ರ ಯಾವ ಬದಿಗಿದೆ ಎಂಬುದನ್ನು ನೋಡಿರಿ.

ಇನ್ನು ದುರಸ್ತಿಯ ವಿಷಯ. ಎಂ.ಜಿ.ಎ ಮೊದಲು ಬಂದಾಗ ಅದರಲ್ಲಿದ್ದದ್ದು 1489 ಸಿ.ಸಿ.ಯ ಬಿ-ಸೀರೀಸ್ ಎಂಜಿನ್. ನಮ್ಮ ಅಂಬಾಸಡರಿನಲ್ಲಿ ದಶಕಗಳ ಕಾಲ ಓಡಿದ್ದೂ ಅದೇ ವಂಶದ 1489 ಸಿ.ಸಿ. ಎಂಜಿನ್. ಎಂ.ಜಿ.ಬಿಯ 1798 ಸಿ.ಸಿ. ಎಂಜಿನ್ ಕೂಡ ಅದೇ ಕುಟುಂಬದ್ದು. ಕ್ಯಾಮ್, ಕಂಪ್ರೆಷನ್, ಕಾರ್ಬುರೇಟರುಗಳ ಸಂಖ್ಯೆ ಬೇರೆ ಇರುವುದರಿಂದ ಎಲ್ಲ ಭಾಗಗಳೂ ಅದಲುಬದಲಾಗುತ್ತವೆ ಎಂದು ತಿಳಿಯಬಾರದು. ಆದರೂ ಅಂಬಾಸಡರಿನ ಟ್ಯಾಪೆಟ್ ಹೊಂದಿಸಿ, ಎಸ್.ಯು. ಕಾರ್ಬುರೇಟರನ್ನು ಬಿಚ್ಚಿ ಕೂಡಿಸಿ ಪಳಗಿದ ಹಿರಿಯ ಮೇಸ್ತ್ರಿ ಈ ಎಂಜಿನ್ನಿನ ಮುಂದೆ ತಡವರಿಸುವುದಿಲ್ಲ. ಅಂಥವರು ಬಳ್ಳಾರಿ, ಗಂಗಾವತಿ, ಸಿಂಧನೂರುಗಳಲ್ಲಿ ಈಗಲೂ ಇದ್ದಾರೆ. ಇದೇ ಬಗೆಯ ಇನ್ನೊಂದು ನಂಟು ಟ್ರಯಂಫ್ ಸ್ಪಿಟ್‌ಫೈರ್ ಕಾರಿನದು: ಅದರ ಚಾಸಿಯನ್ನು, ಅಂದರೆ ತಳದ ಚೌಕಟ್ಟನ್ನು, ಟ್ರಯಂಫ್ ಹೆರಾಲ್ಡಿನ ಚಾಸಿಯ ಆಧಾರದ ಮೇಲೆಯೇ ರೂಪಿಸಿದರು, ಆ ಹೆರಾಲ್ಡ್ ಮದ್ರಾಸಿನಲ್ಲಿ ಸ್ಟ್ಯಾಂಡರ್ಡ್ ಹೆರಾಲ್ಡ್ ಎಂಬ ಹೆಸರಿನಲ್ಲಿ ತಯಾರಾಗುತ್ತಿತ್ತು.

ಟಿಸಿ ಮಾತ್ರ ಈ ಲೆಕ್ಕದ ಹೊರಗಿದೆ. ಅದರ 1250 ಸಿ.ಸಿ.ಯ ಎಕ್ಸ್‌ಪಿಎಜಿ ಎಂಜಿನ್ನಿನ ಬೋಲ್ಟುಗಳ ಮರೆ (ಸುರುಳಿ ಗೆರೆ) ಮೆಟ್ರಿಕ್ ಅಳತೆಯದು, ತಲೆಯಾದರೋ ವ್ಹಿಟ್‌ವರ್ತ್ ಎಂಬ ಹಳೆಯ ಬ್ರಿಟಿಷ್ ಅಳತೆಯದು. ಅಂಗಡಿಯಲ್ಲಿ ಸಿಗುವ ಸ್ಪ್ಯಾನರ್ ಹಾಕಿದರೆ ತಲೆಯ ಮೂಲೆ ಸವೆಯುತ್ತದೆ, ಅಂಗಡಿಯ ಬೋಲ್ಟನ್ನೇ ತಂದರೆ ಕೆಲವು ಕಡೆ ಮರೆಯೇ ಕೂಡುವುದಿಲ್ಲ, ತಲೆಯ ಅಳತೆಯೂ ಬದಲಾಗಿ ಮೂಲ ರೂಪ ಕೆಡುತ್ತದೆ. ಟಿಸಿ ಕೊಳ್ಳುವುದು ಖಚಿತವಾದರೆ ವ್ಹಿಟ್‌ವರ್ತ್ ಸ್ಪ್ಯಾನರುಗಳ ಸೆಟ್ಟನ್ನು ಕಾರಿಗಿಂತ ಮುಂಚೆಯೇ ತರಿಸಿಕೊಳ್ಳಿ.

ಬಿಸಿಲಿನ ಬಗ್ಗೆ ಹೇಳುವುದಾದರೆ, ತುಕ್ಕಿನ ದೃಷ್ಟಿಯಿಂದ ನಮ್ಮ ಒಣ ಹವೆ ಇಂಗ್ಲೆಂಡಿಗಿಂತ ಎಷ್ಟೋ ಮೇಲು. ಆದರೆ ಟಿಸಿಯ ಬಾಡಿಯ ತಗಡು ನಿಂತಿರುವುದು ಆ್ಯಶ್ ಮರದ ಚೌಕಟ್ಟಿನ ಮೇಲೆ. ತೇವದ ದೇಶದಲ್ಲಿದ್ದ ಮರ ನಲವತ್ತು ಡಿಗ್ರಿ ದಾಟುವ ನಮ್ಮ ಬೇಸಿಗೆಗೆ ಒಮ್ಮೆಲೇ ಬಂದರೆ ಕುಗ್ಗುತ್ತದೆ, ಕೀಲುಗಳು ಸಡಿಲವಾಗಿ ಬಾಗಿಲು ಜೋಲುತ್ತದೆ. ತಗಡಿನ ಶೆಡ್ಡಿನಲ್ಲಿ ನಿಲ್ಲಿಸದೆ, ಗಾಳಿಯಾಡುವ ಕಲ್ಲುಗೋಡೆಯ ಕೋಣೆಯಲ್ಲಿ ನಿಲ್ಲಿಸಬೇಕು. ಪೆಟ್ರೋಲಿನಲ್ಲಿ ಈಗ ಎಥೆನಾಲ್ ಬೆರೆಸುವುದರಿಂದ ಹಳೆಯ ರಬ್ಬರ್ ಪೈಪು, ವಾಷರುಗಳು ಮೆತ್ತಗಾಗಿ ಒಡೆಯುತ್ತವೆ. ಕಾರು ಬಂದ ಕೂಡಲೇ ಅವನ್ನೆಲ್ಲ ಎಥೆನಾಲ್ ತಾಳುವ ವೈಟಾನ್ ರಬ್ಬರಿನವಕ್ಕೆ ಬದಲಾಯಿಸುವುದು ಬೆಂಕಿಯ ಅಪಾಯವನ್ನು ತಪ್ಪಿಸುವ ಕೆಲಸ, ಅದನ್ನು ಮುಂದೂಡಬೇಡಿ.

ಉತ್ತರ 2: ಲೆಕ್ಕಪತ್ರ, ಕೊಪ್ಪಳ

ನಾನು ತೆರಿಗೆ ಸಲಹೆಗಾರ. ಖರ್ಚು ಮತ್ತು ಕಾನೂನಿನ ವಿಷಯ ಮಾತ್ರ ಬರೆಯುತ್ತೇನೆ.

ಹರಾಜಿನಲ್ಲಿ ಸುತ್ತಿಗೆ ಬಿದ್ದ ಬೆಲೆ, ಅಂದರೆ ಕೊನೆಯ ಸವಾಲಿನ ಮೊತ್ತ, ನೀವು ಕೊಡುವ ಬೆಲೆಯಲ್ಲ. ಅದರ ಮೇಲೆ ಹರಾಜು ಸಂಸ್ಥೆ ಖರೀದಿದಾರನಿಂದ ಪ್ರೀಮಿಯಂ ವಸೂಲಿ ಮಾಡುತ್ತದೆ. ಇದು ಸಂಸ್ಥೆಯಿಂದ ಸಂಸ್ಥೆಗೆ ಬೇರೆಯಾಗಿರುತ್ತದೆ, ಮತ್ತು ಸಾಮಾನ್ಯವಾಗಿ ಕಾರುಗಳಿಗಿಂತ ಬ್ಯಾಡ್ಜು, ಫಲಕಗಳಂತಹ ಸಣ್ಣ ವಸ್ತುಗಳಿಗೆ ಹೆಚ್ಚು. ಉದಾಹರಣೆಗೆ 20,000 ಪೌಂಡಿಗೆ ಸವಾಲು ನಿಂತು, ಪ್ರೀಮಿಯಂ ಶೇಕಡ 15 ಎಂದಿಟ್ಟುಕೊಂಡರೆ 3,000 ಪೌಂಡು, ಆ ಪ್ರೀಮಿಯಂ ಮೇಲೆ ಬ್ರಿಟನ್ನಿನ ಶೇಕಡ 20ರ ಮಾರಾಟ ತೆರಿಗೆ (ವ್ಯಾಟ್) 600 ಪೌಂಡು ಸೇರಿ, ಕಾರು ಹರಾಜು ಅಂಗಳ ಬಿಡುವ ಮೊದಲೇ 23,600 ಪೌಂಡು ಆಗಿರುತ್ತದೆ. ನಂತರ ಹಡಗಿನ ಬಾಡಿಗೆ, ವಿಮೆ. ಇವೆಲ್ಲವೂ ಸೇರಿದ ಮೊತ್ತದ ಮೇಲೆ ನಮ್ಮ ಸೀಮಾ ಸುಂಕ ಮತ್ತು ಜಿ.ಎಸ್.ಟಿ. ಪೂರ್ಣ ಕಾರಿನ ಮೇಲಿನ ಈ ತೆರಿಗೆಗಳ ಒಟ್ಟು ಭಾರ ಕಾರಿನ ಬೆಲೆಯನ್ನೇ ಮೀರುತ್ತದೆ ಎಂಬುದನ್ನು ಮೊದಲೇ ಲೆಕ್ಕ ಹಾಕಿಕೊಂಡು, ಅದಕ್ಕೆ ತಕ್ಕಂತೆ ನಿಮ್ಮ ಕೊನೆಯ ಸವಾಲನ್ನು ನಿರ್ಧರಿಸಿ.

ನಮ್ಮ ಆಮದು ನೀತಿ ಬಳಸಿದ ಕಾರುಗಳಿಗೆ ಬಹಳ ಬಿಗಿಯಾಗಿದ್ದರೂ, 1950ರ ಜನವರಿ 1ಕ್ಕೆ ಮುಂಚೆ ತಯಾರಾದ ವಿಂಟೇಜ್ ಕಾರುಗಳನ್ನು ಸ್ವಂತ ಉಪಯೋಗಕ್ಕೆ ತರಲು ದೀರ್ಘಕಾಲ ಪ್ರತ್ಯೇಕ ಅವಕಾಶ ಇಟ್ಟಿತ್ತು; 2025ರಲ್ಲಿ ಆ ಮಿತಿಯನ್ನು ಸಡಿಲಿಸಿ 50 ವರ್ಷ ದಾಟಿದ ಕಾರುಗಳಿಗೆ ವಿಸ್ತರಿಸಿದೆ. ಟಿಸಿಯ ತಯಾರಿಕೆ 1949ಕ್ಕೇ ನಿಂತಿರುವುದರಿಂದ ಅದು ಎರಡೂ ಮಿತಿಗಳೊಳಗೆ ಬರುತ್ತದೆ. ಈ ನೀತಿ ಆಗಾಗ ತಿದ್ದುಪಡಿಯಾಗುವುದರಿಂದ, ಸವಾಲು ಕೂಗುವ ವಾರದಲ್ಲಿ ವಿದೇಶ ವ್ಯಾಪಾರ ಮಹಾನಿರ್ದೇಶನಾಲಯದ ಚಾಲ್ತಿಯಲ್ಲಿರುವ ಅಧಿಸೂಚನೆಯನ್ನು ಓದಿಕೊಳ್ಳುವುದು ಕಡ್ಡಾಯವೆಂದೇ ಭಾವಿಸಿ.

ನೋಂದಣಿಗೆ 2021ರ ಜುಲೈನಲ್ಲಿ ಕೇಂದ್ರ ಸರ್ಕಾರ ಪ್ರತ್ಯೇಕ ನಿಯಮ ತಂದಿದೆ. 50 ವರ್ಷ ದಾಟಿದ, ಚಾಸಿ, ಬಾಡಿ, ಎಂಜಿನ್ನುಗಳಲ್ಲಿ ಮೂಲರೂಪ ಉಳಿಸಿಕೊಂಡ ವಾಹನಕ್ಕೆ ರಾಜ್ಯದ ಸಂಕೇತದ ಜೊತೆ ‘ವಿಎ’ ಎಂಬ ಅಕ್ಷರಗಳಿರುವ ನಂಬರು ಕೊಡುತ್ತಾರೆ. ಹೊಸ ನೋಂದಣಿಗೆ ಶುಲ್ಕ 20,000 ರೂಪಾಯಿ, ಮರುನೋಂದಣಿಗೆ 5,000 ರೂಪಾಯಿ, ಅವಧಿ 10 ವರ್ಷ. ಇಂಥ ಗಾಡಿಯನ್ನು ಪ್ರದರ್ಶನ, ರ‍್ಯಾಲಿ, ಇಂಧನ, ದುರಸ್ತಿಗಳಿಗಾಗಿ ರಸ್ತೆಗೆ ಇಳಿಸಬಹುದು. ದಿನನಿತ್ಯದ ಓಡಾಟಕ್ಕಾಗಲಿ ಬಾಡಿಗೆಗಾಗಲಿ ಬಳಸುವಂತಿಲ್ಲ.

ನಮ್ಮ ಭಾಗದಲ್ಲೇ ಹಳೆಯ ಕಾರು ಸಿಕ್ಕಿದರೆ ಇನ್ನೊಂದು ತೊಡಕಿದೆ. ಬಳ್ಳಾರಿ 1953ರವರೆಗೆ ಮದ್ರಾಸಿಗೆ ಸೇರಿತ್ತು; ರಾಯಚೂರು, ಕೊಪ್ಪಳಗಳು 1956ರವರೆಗೆ ಹೈದರಾಬಾದಿನಲ್ಲಿದ್ದವು. ಅಂದಿನ ಆರ್.ಸಿ. ಪುಸ್ತಕ ಕೈಗೆ ಸಿಗದಿದ್ದರೆ ಮಾಲೀಕತ್ವದ ಸರಪಳಿಯನ್ನು ಇಂದಿನ ಆರ್.ಟಿ.ಒ. ಕಚೇರಿಯ ಕಡತದಿಂದ ಜೋಡಿಸುವುದು ಬಹಳ ಕಷ್ಟ. ಕಾಗದವಿಲ್ಲದ ಕಾರಿಗೆ ಮುಂಗಡ ಕೊಡಬೇಡಿ.

ಉತ್ತರ 3: ಎನಾಮೆಲ್, ರಾಯಚೂರು

ಮೇಲಿನ ಇಬ್ಬರ ಮಾತನ್ನೂ ಒಪ್ಪುತ್ತ, ನಿಮ್ಮ ಕೊನೆಯ ಪ್ರಶ್ನೆಗೆ ಉತ್ತರಿಸುತ್ತೇನೆ: ಹೌದು, ವಸ್ತುಗಳಿಂದಲೇ ಆರಂಭಿಸಿ. ಕಾರು ಕೊಳ್ಳಲು ಹಣ ಸಾಲದವರ ಹವ್ಯಾಸ ಇದೆಂದು ಕೆಲವರು ಭಾವಿಸುತ್ತಾರೆ, ಆ ಮಾತನ್ನು ನಾನು ಒಪ್ಪುವುದಿಲ್ಲ. ಅಸಲು ಯಾವುದು, ನಕಲು ಯಾವುದು ಎಂದು ಗುರುತಿಸುವ ಕಣ್ಣು ಬೆಳೆಯುವುದೇ ಸಣ್ಣ ವಸ್ತುಗಳ ಮೇಲೆ. ಆ ಕಣ್ಣು ಇಲ್ಲದೆ ಇಪ್ಪತ್ತು ಲಕ್ಷದ ಕಾರಿನ ಮುಂದೆ ನಿಲ್ಲುವುದು ಸರಿಯಲ್ಲ.

ಎನಾಮೆಲ್ ಫಲಕಗಳನ್ನೇ ತೆಗೆದುಕೊಳ್ಳಿ. ನಮ್ಮ ಜಿಲ್ಲೆಗಳಲ್ಲಿ ಬರ್ಮಾ-ಶೆಲ್, ಕಾಲ್‌ಟೆಕ್ಸ್, ಡನ್‌ಲಪ್ ಫಲಕಗಳು ಹಳೆಯ ಪೆಟ್ರೋಲ್ ಬಂಕುಗಳಲ್ಲಿ ಇದ್ದವು. 1976ರಲ್ಲಿ ಬರ್ಮಾ-ಶೆಲ್ ರಾಷ್ಟ್ರೀಕರಣವಾದ ಮೇಲೆ ಕಿತ್ತುಹಾಕಿದವು ಗುಜರಿಗೆ ಹೋದವು, ಕೊಟ್ಟಿಗೆಗಳಿಗೆ ಮರೆಯಾದವು. ಸಿಂಧನೂರಿನ ಕಡೆ ಒಂದು ಹಳ್ಳಿಯಲ್ಲಿ ಹಗೇವಿನ ಬಾಯಿಗೆ ಮುಚ್ಚಿದ್ದ ಹಳದಿ ಫಲಕವೊಂದನ್ನು ನಾನು ನೋಡಿದೆ. ಮಣ್ಣು ಒರೆಸಿದಾಗ ಚಿಪ್ಪಿನ ಗುರುತು ಬಣ್ಣ ಮಾಸದೆ ಹೊಳೆಯುತ್ತಿತ್ತು. ಅದಕ್ಕೆ ಕಾರಣ ತಯಾರಿಕೆಯ ಕ್ರಮದಲ್ಲೇ ಇದೆ: ಗಾಜಿನ ಪುಡಿಯನ್ನು ದಪ್ಪ ಉಕ್ಕಿನ ತಗಡಿನ ಮೇಲೆ ಹರಡಿ ಸುಮಾರು 800 ಡಿಗ್ರಿ ಕಾವಿನಲ್ಲಿ ಸುಡುತ್ತಾರೆ, ಒಂದೊಂದು ಬಣ್ಣಕ್ಕೂ ಒಂದೊಂದು ಸುಡುವಿಕೆ. ಹೀಗಾಗಿ ಅಸಲು ಫಲಕದ ಮೇಲೆ ಉಗುರು ಎಳೆದರೆ ಒಂದು ಬಣ್ಣದಿಂದ ಇನ್ನೊಂದಕ್ಕೆ ದಾಟುವಲ್ಲಿ ಸಣ್ಣ ಮೆಟ್ಟಿಲು ತಾಗುತ್ತದೆ. ತಗಡು ಸೊಟ್ಟಗಾಗದಿರಲು ಹಿಂಬದಿಗೂ ಲೇಪ ಕೊಟ್ಟಿರುತ್ತಾರೆ. ಚಕ್ಕೆ ಎದ್ದ ಕಡೆ ಕಪ್ಪಾದ ಉಕ್ಕು ಕಾಣಬೇಕು. ಮೊಳೆಯ ತೂತುಗಳ ಸುತ್ತ ಚಕ್ಕೆ ಎದ್ದಿರುವುದು ಸಹಜ. ಇಡೀ ಫಲಕ ಹೊಸದಾಗಿದ್ದು ತೂತಿನ ಸುತ್ತ ಮಾತ್ರ ಹದವಾಗಿ ತುಕ್ಕು ಹಿಡಿದಿದ್ದರೆ ಅದನ್ನು ಉಪ್ಪುನೀರಿನಲ್ಲಿ ಹಳೆಯದು ಮಾಡಿದ್ದಾರೆಂದು ಅನುಮಾನಿಸಿ. ನಕಲುಗಳು ಇಂಗ್ಲೆಂಡಿನ ಹರಾಜಿನಲ್ಲೂ ಬರುತ್ತವೆ, ನಮ್ಮಲ್ಲಿ ತಯಾರಾದವೇ ಅಲ್ಲಿಗೆ ಹೋಗಿರುವುದೂ ಉಂಟು. ಬರ್ಮಿಂಗ್‌ಹ್ಯಾಮ್‌ನ ಪೇಟೆಂಟ್ ಎನಾಮೆಲ್ ಕಂಪನಿಯಂತಹ ತಯಾರಕರ ಹೆಸರು ಕೆಲವು ಫಲಕಗಳ ಕೆಳ ಅಂಚಿನಲ್ಲಿ ಬಹಳ ಸಣ್ಣ ಅಕ್ಷರದಲ್ಲಿರುತ್ತದೆ, ಅದನ್ನು ಭೂತಗನ್ನಡಿಯಲ್ಲಿ ಓದಿ.

ಆಟೊಮೊಬೈಲ್ ಅಸೋಸಿಯೇಷನ್ 1905ರಲ್ಲಿ ಆರಂಭವಾದದ್ದು. ಅದರ ಬ್ಯಾಡ್ಜುಗಳ ಮೇಲೆ ಸದಸ್ಯತ್ವದ ಸಂಖ್ಯೆ ಒತ್ತಿರುತ್ತಾರೆ. ಆ ಸಂಖ್ಯೆಯಿಂದ ಕಾಲವನ್ನು ಅಂದಾಜಿಸಬಹುದು. ಇವು ಲಕ್ಷಗಟ್ಟಲೆ ಹೊರಬಿದ್ದಿರುವುದರಿಂದ ಬೆಲೆ ದೊಡ್ಡದಲ್ಲ. 1907ರಿಂದ 1939ರವರೆಗೆ ನಡೆದ ಬ್ರೂಕ್‌ಲ್ಯಾಂಡ್ಸ್ ರೇಸ್ ಪಥದ ಕ್ಲಬ್ ಬ್ಯಾಡ್ಜುಗಳಾದರೆ ಬೆಲೆ ಎಷ್ಟೋ ಪಾಲು ಹೆಚ್ಚು, ನಕಲೂ ಅಷ್ಟೇ ಹೆಚ್ಚು. ನಿಮ್ಮ ಮೂರು ವಸ್ತುಗಳಲ್ಲಿ ನನ್ನ ಮಟ್ಟಿಗೆ ಕೈಪಿಡಿಯೇ ಹೆಚ್ಚಿನದು, ಅದರಲ್ಲೂ ಮಾಲೀಕರು ಪೆನ್ಸಿಲಿನಲ್ಲಿ ಚಾಸಿ ಸಂಖ್ಯೆಯನ್ನೋ ಸರ್ವಿಸ್ ದಿನಾಂಕವನ್ನೋ ಬರೆದಿಟ್ಟಿದ್ದರೆ. ಟಿಸಿಯ ಚಾಸಿ ಸಂಖ್ಯೆಗಳು 0251ರಿಂದ ಆರಂಭವಾಗುತ್ತವೆ. ಆಬಿಂಗ್‌ಡನ್ ಕಾರ್ಖಾನೆಯ ದೂರವಾಣಿ ಸಂಖ್ಯೆ 251 ಆಗಿದ್ದುದೇ ಇದಕ್ಕೆ ಕಾರಣ. ಪುಟಗಳ ಅಂಚಿನಲ್ಲಿ ಅಂಥ ಸಂಖ್ಯೆ ಸಿಕ್ಕರೆ, ಸಂಡೂರಿನಲ್ಲಿ ಓಡಿದ ಆ ಕಾರನ್ನೇ ಹುಡುಕಲು ಒಂದು ಎಳೆ ಸಿಕ್ಕಂತೆ. ಬೇರೆ ಯಾವ ಹರಾಜಿಗಿಂತಲೂ ಮೊದಲು ಈ ಹುಡುಕಾಟವನ್ನು ನಡೆಸಿರೆಂದು ಕೇಳಿಕೊಳ್ಳುತ್ತೇನೆ.

ಮರುಪ್ರಶ್ನೆ: ಕೋಟೆಗುಡ್ಡ, ಬಳ್ಳಾರಿ

ಮೂವರಿಗೂ ಹೃತ್ಪೂರ್ವಕ ಕೃತಜ್ಞತೆಗಳು. ಕೈಪಿಡಿಯ ಹಿಂಬದಿಯ ಖಾಲಿ ಪುಟದಲ್ಲಿ ಮಾಸಿದ ಅಂಕಿಗಳಿವೆ, ಬೆಳಕಿಗೆ ಹಿಡಿದು ಓದಿ ಇಲ್ಲಿ ತಿಳಿಸುತ್ತೇನೆ. ಈ ನಡುವೆ ಮುಂದಿನ ತಿಂಗಳ ಹರಾಜಿಗೆ ಟಿಸಿಯೊಂದು ಬರುತ್ತಿದ್ದು, ವಿವರಣೆಯಲ್ಲಿ ‘ಹಳೆಯ ಜೀರ್ಣೋದ್ಧಾರ’ ಎಂದಷ್ಟೇ ಬರೆದಿದ್ದಾರೆ. ಸದ್ಯ ಸವಾಲು ಕೂಗುವುದಿಲ್ಲ, ಆದರೆ ಅಭ್ಯಾಸಕ್ಕಾಗಿ ಹರಾಜು ಸಂಸ್ಥೆಗೆ ಏನೇನು ಕೇಳಬೇಕು ಎಂದು ತಿಳಿಯುವ ಆಸೆ.

ಉತ್ತರ 4: ಹಳೇ ಗ್ಯಾರೇಜು, ಬಳ್ಳಾರಿ

ಒಳ್ಳೆಯ ಆಲೋಚನೆ. ಮೊದಲು ಸ್ಥಿತಿ ವರದಿಯನ್ನು ಬರವಣಿಗೆಯಲ್ಲಿ ಕೇಳಿ. ಬಾಗಿಲನ್ನು ಅರ್ಧ ತೆರೆದು ಕೈಯಿಂದ ಮೇಲೆತ್ತಿದಾಗ ಬಾಗಿಲು ಕೂಡಿಸಿದ ಕಂಬ ಎಷ್ಟು ಅಲುಗಾಡುತ್ತದೆ ಎಂಬುದರ ವಿಡಿಯೊ ಕಳಿಸಲು ಹೇಳಿ. ಮರ ಕೊಳೆತಿದ್ದರೆ ಅಲ್ಲೇ ಗೊತ್ತಾಗುತ್ತದೆ. ಚಾಸಿಯ ಮೇಲೆ ಒತ್ತಿದ ಸಂಖ್ಯೆಯ ಚಿತ್ರವನ್ನೂ ಕಾರಿಗೆ ಜೋಡಿಸಿದ ಗುರುತಿನ ಫಲಕದ ಮೇಲಿನ ಸಂಖ್ಯೆಯ ಚಿತ್ರವನ್ನೂ ಬೇರೆ ಬೇರೆಯಾಗಿ ಕೇಳಿ, ಏಕೆಂದರೆ ಫಲಕವನ್ನು ಬಿಚ್ಚಿ ಬೇರೆ ಕಾರಿಗೆ ಜೋಡಿಸುವುದು ಕಷ್ಟದ ಕೆಲಸವಲ್ಲ. ಇಂಗ್ಲೆಂಡಿನ ಗೇಡನ್‌ನಲ್ಲಿರುವ ಬ್ರಿಟಿಷ್ ಮೋಟಾರ್ ವಸ್ತುಸಂಗ್ರಹಾಲಯ ಹಳೆಯ ಬ್ರಿಟಿಷ್ ಕಾರುಗಳಿಗೆ ತಯಾರಿಕೆಯ ದಾಖಲೆಗಳ ಆಧಾರದ ಮೇಲೆ ಹೆರಿಟೇಜ್ ಪ್ರಮಾಣಪತ್ರ ಕೊಡುತ್ತದೆ. ಈ ಕಾರಿಗೆ ಅಂಥದೇನಾದರೂ ಇದೆಯೇ ಎಂದು ವಿಚಾರಿಸಿ. ಎಂಜಿನ್ ತಣ್ಣಗಿದ್ದಾಗ ಚಾಲೂ ಮಾಡಿ, ಬಿಸಿಯಾಗುವವರೆಗೂ ಆಯಿಲ್ ಪ್ರೆಷರಿನ ಮುಳ್ಳು ಕಾಣುವಂತೆ ತುಂಡರಿಸದ ವಿಡಿಯೊ ತೆಗೆಸಿ. ಬಿಸಿಯಾದ ಮೇಲೆ ಓಟದ ವೇಗದಲ್ಲಿ ಆಯಿಲ್ ಒತ್ತಡ ಚದರ ಅಂಗುಲಕ್ಕೆ 40 ಪೌಂಡಿಗಿಂತ ಕೆಳಗೆ ಇಳಿದರೆ ಬೇರಿಂಗುಗಳ ಖರ್ಚನ್ನು ನಿಮ್ಮ ಸವಾಲಿನಿಂದ ಕಳೆಯಿರಿ. ಇವುಗಳಲ್ಲಿ ಯಾವುದಕ್ಕಾದರೂ ಸಂಸ್ಥೆಯವರು ಉತ್ತರ ಕೊಡಲು ಹಿಂಜರಿದರೆ ಹರಾಜಿನ ಆ ಕಾರನ್ನು ಬಿಟ್ಟು ಮುಂದಿನದನ್ನು ನೋಡಿ.