ಸಾಲಿನ ಕೊನೆಯ ಗೆರೆಗೆ ಏನನ್ನೋಣ?

ಎಲ್ಲರಿಗೂ ನಮಸ್ಕಾರ.

ಕಲಬುರಗಿಯಿಂದ ಬರೆಯುತ್ತಿದ್ದೇನೆ. ಡಿಟಿಪಿ ಕಲಿಯಲು ಬರುವ ಹುಡುಗರಿಗೆ, ಪುಟ ಜೋಡಿಸುವ ಪ್ರೋಗ್ರಾಮಾದ ಟೆಕ್ (TeX) ಬಗ್ಗೆ ಕನ್ನಡದಲ್ಲಿ ನಾಲ್ಕು ಪುಟ ಬರೆಯಲು ಕೂತಿದ್ದೆ. 'ಹೈಫನೇಶನ್', ಅಂದರೆ ಸಾಲಿನಲ್ಲಿ ಹಿಡಿಯದ ಪದವನ್ನು ಗೆರೆ ಹಾಕಿ ಮುರಿದು ಉಳಿದದ್ದನ್ನು ಮುಂದಿನ ಸಾಲಿಗೆ ಒಯ್ಯುವುದು, ಅನ್ನುವಲ್ಲಿ ಕೈ ನಿಂತಿತು.

'ಪದವಿಭಜನೆ' ಅನ್ನಬಹುದು, ಆದರೆ ಮನಸ್ಸು ಒಪ್ಪುತ್ತಿಲ್ಲ. ಶಾಲೆಯಲ್ಲಿ 'ಬಿಡಿಸಿ ಬರೆಯಿರಿ' ಅಂದರೆ ಬಸವ + ಈಶ್ವರ. ಸಾಲಿನ ಕೊನೆಯಲ್ಲಿ ಹಾಗೆ ಬಿಡಿಸಲು ಬರುವುದಿಲ್ಲ. ಎರಡು ಪದ ಕೂಡಿದ ಜಾಗ 'ವೇ' ಅಕ್ಷರದ ಹೊಟ್ಟೆಯೊಳಗೇ ಇದೆ, ಅದನ್ನು ಸೀಳುವುದು ಹೇಗೆ? ಹೆಚ್ಚೆಂದರೆ ಬಸ-ವೇಶ್ವರ. ಹಾಗಾಗಿ ಇದು ಬಿಡಿಸುವುದಲ್ಲ, ಮುರಿಯುವುದು.

ಪ್ರೋಗ್ರಾಮಿಗೆ ಅರ್ಥದ ಗೊಡವೆ ಇಲ್ಲ. ಫ್ರಾಂಕ್ ಲಿಯಾಂಗ್ 1983ರ ತಮ್ಮ ಪಿಎಚ್‌ಡಿ ಪ್ರಬಂಧದಲ್ಲಿ ವಿವರಿಸಿದ ದಾರಿಯಲ್ಲೇ ಟೆಕ್ ಇವತ್ತಿಗೂ ನಡೆಯುತ್ತದೆ. ಯಾವ ಅಕ್ಷರದ ಪಕ್ಕ ಯಾವುದಿದೆ ಎಂದು ನೋಡಿ ಮುರಿಯುತ್ತದೆ. ಒತ್ತು, ಸೊನ್ನೆ ಕಿತ್ತು ಬಾರದಂತೆ ಕನ್ನಡದ ನಿಯಮಗಳು ಕಾಯುತ್ತವೆ, ಅದು ದೊಡ್ಡದೇ. ಆದರೂ ಉರುಸಿನ ಕರಪತ್ರವೊಂದರ ಮೊದಲ ಪ್ರತಿಯಲ್ಲಿ ಇಲ್ಲಿನ ಸೂಫಿ ಸಂತರ ಹೆಸರು 'ಬಂದೇನವಾಜ್' ಮುರಿದು ಸಾಲಿನ ತುದಿಗೆ 'ಬಂದೇನ-' ಅಂತ ನಿಂತಿತ್ತು. ಕರಡು ನೋಡುತ್ತಿದ್ದ ಕಾಕಾ "ಹೂಂ, ಬಂದೇನಪ್ಪಾ" ಅಂದರು!

ಇದಕ್ಕೆ ಮದ್ದು ಸುಲಭ. ಕಡತದ ಮೇಲ್ಭಾಗದ ಹೈಫನೇಶನ್ ಪಟ್ಟಿಯಲ್ಲಿ ಒಮ್ಮೆ 'ಬಂದೇ-ನವಾಜ್' ಎಂದು ಬರೆದರೆ ಸಾಕು, ಆ ಪದ ಬೇರೆಲ್ಲೂ ಮುರಿಯುವುದಿಲ್ಲ. ಗೆರೆಯಿಲ್ಲದೆ ಬರೆದರೆ ಮುರಿಯುವುದೇ ಇಲ್ಲ. ವರ್ಡ್, ಲಿಬ್ರೆ ಆಫೀಸಿನಲ್ಲಾದರೆ ಬೇಕಾದ ಕಡೆ ಕಂಟ್ರೋಲ್ ಹಿಡಿದು ಹೈಫನ್ ಒತ್ತಬೇಕು. ಪದ ಅಲ್ಲಿ ಮುರಿದರೆ ಮಾತ್ರ ಅಚ್ಚಿನಲ್ಲಿ ಗೆರೆ ಕಾಣುತ್ತದೆ.

ನನ್ನ ತಕರಾರು ಇರುವುದು ಈ ಕೊನೆಯದರ ಹೆಸರಲ್ಲಿ. ಇಂಗ್ಲಿಷಿನ 'ಸಾಫ್ಟ್ ಹೈಫನ್' ನೋಡಿ 'ಮೃದು ಹೈಫನ್' ಅಂದರೆ ಹುಡುಗರಿಗೆ ಏನೂ ತಿಳಿಯುವುದಿಲ್ಲ. ಅದರಲ್ಲಿ ಮೆತ್ತಗಿರುವುದೇನಿದೆ? ಅಡಗಿ ಕೂತಿರುತ್ತದೆ, ಅಷ್ಟೇ ಅಲ್ವಾ. 'ಅಡಗುಗೆರೆ' ಅಂದರೆ ಹೇಗೆ?

ಇನ್ನೊಂದು. 'ತಂದೆ-ತಾಯಿ'ಯಲ್ಲಿ ಅದೇ ಗೆರೆ ಕೂಡಿಸುತ್ತದೆ, ಸಾಲಿನ ಕೊನೆಯಲ್ಲಿ ಮುರಿಯುತ್ತದೆ. ಕೆಲಸ ತದ್ವಿರುದ್ಧ. ಒಂದಕ್ಕೆ 'ಕೂಡುಗೆರೆ', ಇನ್ನೊಂದಕ್ಕೆ 'ಮುರಿಗೆರೆ' ಅಂತ ಸದ್ಯಕ್ಕೆ ಬರೆದಿಟ್ಟಿದ್ದೇನೆ. ಮೊಳೆ ಜೋಡಿಸುವ ಕಾಲದ ಪ್ರೆಸ್ಸಿನಲ್ಲಿ ನಿಮ್ಮ ಕಡೆ ಇದಕ್ಕೆ ಬೇರೆ ಮಾತಿತ್ತೇ? ಬೀದರ್, ಯಾದಗಿರಿ ಕಡೆಯವರು ಇದ್ದರೆ ಹೇಳಿ, ಅದನ್ನೇ ಹಾಕುತ್ತೇನೆ.