ತಾತನ ಕುಲುಮೆಯನ್ನು ಒಬ್ಬನೇ ನಡೆಸಬೇಕಾದರೆ ಮೊದಲು ಯಾವ ಸಲಕರಣೆ ಕೊಳ್ಳಬೇಕು?

ಪ್ರಶ್ನೆ: ತಿಪಟೂರು ಸೀಮೆಯವನು

ಎಲ್ಲರಿಗೂ ನಮಸ್ಕಾರ. ತಾತ ತೀರಿಕೊಂಡ ಮೇಲೆ ಹನ್ನೆರಡು ವರ್ಷಗಳಿಂದ ಮುಚ್ಚಿರುವ ನಮ್ಮ ಕುಲುಮೆಯನ್ನು ಮುಂಗಾರಿಗೆ ಮೊದಲೇ ಮತ್ತೆ ಆರಂಭಿಸಬೇಕೆಂದಿದ್ದೇನೆ. ಕುಡುಗೋಲು, ಮಚ್ಚು, ಗುದ್ದಲಿ, ತೆಂಗಿನಕಾಯಿ ಸುಲಿಯುವ ಸಲಾಕೆ ಇವಿಷ್ಟಕ್ಕೆ ಸುತ್ತಲಿನ ಹಳ್ಳಿಗಳಲ್ಲಿ ಈಗಲೂ ಕೇಳುವವರಿದ್ದಾರೆ. ನಾನು ಐಟಿಐ ಫಿಟ್ಟರ್ ಕಲಿತು ಎಂಟು ವರ್ಷ ಪೀಣ್ಯದಲ್ಲಿ ಕೆಲಸ ಮಾಡಿದವನಾದ್ದರಿಂದ ಅಳತೆ, ಅರ, ವೆಲ್ಡಿಂಗ್ ತಿಳಿದಿದೆ. ಬೆಂಕಿಯ ಕೆಲಸ ಮಾತ್ರ ಬಾಲ್ಯದಲ್ಲಿ ಕಂಡದ್ದಷ್ಟೇ.

ಮನೆಯಲ್ಲಿ ಕಾದ ಕಬ್ಬಿಣವನ್ನಿಟ್ಟು ಬಡಿಯುವ ಸುಮಾರು 35 ಕೆ.ಜಿ. ತೂಕದ ಅಡಿಗಲ್ಲು, ಎರಡು ಚಮ್ಮಟಿಗೆ (ಎರಡೂ ಕೈಯಿಂದ ಬೀಸುವ ದೊಡ್ಡ ಸುತ್ತಿಗೆ), ಐದು ಇಕ್ಕಳ ಮತ್ತು ಬೆಂಕಿಗೆ ಗಾಳಿ ಊದುವ, ಚರ್ಮ ಹರಿದ ತಿದಿ ಇವೆ. ತಾತ ನೆಲದ ಮೇಲೆ ಕುಳಿತು ಕಬ್ಬಿಣವನ್ನು ಹೊರಳಿಸುತ್ತಿದ್ದರು, ಅಜ್ಜಿ ಎದುರಿಗೆ ನಿಂತು ಚಮ್ಮಟಿಗೆ ಬೀಸುತ್ತಿದ್ದರು, ಚಿಕ್ಕಪ್ಪ ತಿದಿ ಒತ್ತುತ್ತಿದ್ದರು. ಈಗ ನಾನೊಬ್ಬನೇ. ಕೈಯಲ್ಲಿ 80,000 ರೂಪಾಯಿ ಇದೆ. ಯಂತ್ರ ಮಾರುವವರೊಬ್ಬರು ಮೊದಲು ಪವರ್ ಹ್ಯಾಮರ್ (ಮೋಟಾರಿನಿಂದ ಬಡಿಯುವ ಸುತ್ತಿಗೆ ಯಂತ್ರ) ಕೊಳ್ಳಿ ಎನ್ನುತ್ತಾರೆ. ಗುಜರಿಯವರೊಬ್ಬರು ದೊಡ್ಡ ಅಡಿಗಲ್ಲಿನ ಬದಲಿಗೆ ರೈಲು ಹಳಿಯ ತುಂಡು ಕೊಡುತ್ತೇನೆ ಎನ್ನುತ್ತಾರೆ. ಇನ್ನೊಂದು ಸಂಗತಿ: ಲಾರಿಯ ಸ್ಪ್ರಿಂಗ್ ಪಟ್ಟಿಯಿಂದ ಎರಡು ಕುಡುಗೋಲು ಮಾಡಿ ನೀರಿನಲ್ಲಿ ಅದ್ದಿದಾಗ ಒಂದು ಟಣ್ಣೆಂದು ಸೀಳಿತು. ತಪ್ಪು ನನ್ನ ಕೈಯದೋ ಸಲಕರಣೆಯದೋ ತಿಳಿಸಬೇಕಾಗಿ ವಿನಂತಿ.

ಉತ್ತರ: ಹಳೆಯ ಸುತ್ತಿಗೆ

ಕುಡುಗೋಲು ಸೀಳಿದ್ದು ನೀರಿನಿಂದ. ಸ್ಪ್ರಿಂಗ್ ಪಟ್ಟಿಯ ಉಕ್ಕು ಎಣ್ಣೆಯಲ್ಲಿ ಗಟ್ಟಿಯಾಗಲೆಂದೇ ಮಾಡಿದ್ದು. ತೆಳುವಾದ ಬಾಯನ್ನು, ಎಂದರೆ ಅಲಗಿನ ಹರಿತವಾದ ಅಂಚನ್ನು, ತಣ್ಣೀರಿಗೆ ಹಾಕಿದರೆ ಹೊರಮೈ ಒಳಮೈಗಿಂತ ಬಹಳ ಮೊದಲೇ ಬಿಗಿದುಕೊಂಡು ಬಿರುಕು ಬಿಡುತ್ತದೆ. ನಾನು ಮುಚ್ಚಳವಿರುವ ಕಬ್ಬಿಣದ ಡಬ್ಬದಲ್ಲಿ ಹೊಂಗೆ ಎಣ್ಣೆಯನ್ನು ಕೈಗೆ ಚುರುಕು ಮುಟ್ಟುವಷ್ಟು, ಎಂದರೆ 50–60 ಡಿಗ್ರಿಯವರೆಗೆ, ಬೆಚ್ಚಗೆ ಮಾಡಿ ಬಳಸುತ್ತೇನೆ. ಗ್ಯಾರೇಜಿನ ಸುಟ್ಟ ಎಂಜಿನ್ ಆಯಿಲ್ ಅಗ್ಗವೆಂದು ತರಬೇಡಿ, ಅದರ ಹೊಗೆ ಎದೆಗೆ ಕೆಟ್ಟದ್ದು.

ಕಾಯಿಸುವಾಗ ಒಂದು ಅಯಸ್ಕಾಂತ ಹತ್ತಿರವಿರಲಿ. ಸುಮಾರು 770 ಡಿಗ್ರಿಯಲ್ಲಿ ಉಕ್ಕು ಅಯಸ್ಕಾಂತಕ್ಕೆ ಅಂಟುವುದನ್ನು ಬಿಡುತ್ತದೆ. ಅಲ್ಲಿಂದ ಇನ್ನೊಂದು ಮಟ್ಟ ಕೆಂಪೇರಿಸಿ ಎಣ್ಣೆಗೆ ಹಾಕಿ. ಆಗ ಬಾಯಿ ಗಾಜಿನಂತೆ ಪೆಡಸಾಗಿರುತ್ತದೆ, ಹಾಗೆಯೇ ಬಿಟ್ಟರೆ ಮೊದಲ ಕಲ್ಲಿಗೇ ಹಾರಿಹೋಗುತ್ತದೆ. ಮೈಯನ್ನು ಉಜ್ಜಿ ಬೆಳ್ಳಗೆ ಮಾಡಿ, ಬೆನ್ನಿನ ಕಡೆಯಿಂದ ನಿಧಾನವಾಗಿ ಮತ್ತೆ ಕಾಯಿಸಿದರೆ ಒಣಹುಲ್ಲಿನ ಹಳದಿ, ಕಂದು, ನೇರಳೆ, ನೀಲಿ ಹೀಗೆ ಬಣ್ಣಗಳು ಬಾಯಿಯ ಕಡೆಗೆ ಹರಿದು ಬರುತ್ತವೆ. ಕುಡುಗೋಲಿಗೆ ಕಂದು ನೇರಳೆಗೆ ತಿರುಗುವ ಹೊತ್ತು, ಸುಮಾರು 260–270 ಡಿಗ್ರಿ, ಸರಿಯಾದ ಹದ; ಪೆಟ್ಟು ತಿನ್ನುವ ಮಚ್ಚಿಗೆ ನೀಲಿ ಕಾಣುವವರೆಗೆ ಬಿಡಬಹುದು. ಈ ಬಣ್ಣಗಳು ಕಾಣಬೇಕಾದರೆ ಕುಲುಮೆಯೊಳಗೆ ಬಿಸಿಲು ಬೀಳಬಾರದು. ಬೆಳಕು ಚೆನ್ನಾಗಿರಲೆಂದು ಮಾಡಿಗೆ ಪಾರದರ್ಶಕ ಶೀಟು ಹಾಕಿಸಿ ನಾನು ಒಂದು ಬೇಸಿಗೆಯನ್ನೇ ಹಾಳುಮಾಡಿಕೊಂಡೆ. ಕೆಂಪಾದ ಕಬ್ಬಿಣ ಕಪ್ಪಾಗಿ ಕಾಣುತ್ತಿತ್ತು.

ಇನ್ನು ಅಡಿಗಲ್ಲು. ತಾತ ಕುಳಿತು ಕೆಲಸ ಮಾಡುತ್ತಿದ್ದುದರಿಂದ ಅದು ನೆಲಮಟ್ಟಕ್ಕೆ ಹತ್ತಿರವಿರುತ್ತದೆ. ಎದುರಿಗೆ ಚಮ್ಮಟಿಗೆ ಬೀಸುವವರು ಇದ್ದಾಗ ಮಾತ್ರ ಆ ಎತ್ತರಕ್ಕೆ ಅರ್ಥವಿದೆ. ಒಬ್ಬರೇ ಮಾಡುವವರು ನಿಂತು, ಒಂದು ಕೆ.ಜಿ.ಯ ಸುತ್ತಿಗೆಯನ್ನು ಭುಜದಿಂದ ಇಳಿಸಬೇಕು. ನೀವು ನೇರವಾಗಿ ನಿಂತು ಮುಷ್ಟಿ ಹಿಡಿದು ಕೈ ಇಳಿಬಿಟ್ಟಾಗ ಬೆರಳ ಗೆಣ್ಣು ತಾಗುವಷ್ಟು ಎತ್ತರಕ್ಕೆ ಅಡಿಗಲ್ಲಿನ ಮುಖ ಬರಲಿ. ಹುಣಸೆ ಮರದ ದಪ್ಪ ಕೊರಡನ್ನು ಎರಡಡಿ ನೆಲಕ್ಕೆ ಹೂತು ಅದರ ಮೇಲೆ ಬಿಗಿಯಿರಿ. ಆ ತೂಕದ ಸುತ್ತಿಗೆಗೆ 35 ಕೆ.ಜಿ. ಸ್ವಲ್ಪ ಹಗುರವೇ, ಆದರೆ ಅಲುಗಾಡದಂತೆ ಕೂರಿಸಿದರೆ ಕುಡುಗೋಲು, ಮಚ್ಚಿನ ಕೆಲಸಕ್ಕೆ ಧಾರಾಳವಾಗಿ ಸಾಕು.

ಉತ್ತರ: ಫೇಸ್‌ಮನ್

ವಿದ್ಯುತ್ತಿನ ವಿಷಯ ಮಾತ್ರ ಹೇಳುತ್ತೇನೆ. ದೊಡ್ಡ ಪವರ್ ಹ್ಯಾಮರಿಗೆ ತ್ರೀ ಫೇಸ್ ಬೇಕು. ತೋಟದ ಪಂಪ್‌ಸೆಟ್ಟಿನ ಲೈನಿನಿಂದ ಎಳೆದುಕೊಳ್ಳೋಣವೆಂದು ಯಾರಾದರೂ ಹೇಳಿದರೆ ಒಪ್ಪಬೇಡಿ. 10 ಅಶ್ವಶಕ್ತಿಯವರೆಗಿನ ನೀರಾವರಿ ಪಂಪ್‌ಸೆಟ್ಟಿಗೆ ಉಚಿತವಾಗಿ ಕೊಡುವ ವಿದ್ಯುತ್ತನ್ನು ಬೇರೆ ಉದ್ಯೋಗಕ್ಕೆ ಬಳಸುವುದು ಅಪರಾಧ, ಮೇಲಾಗಿ ಅಲ್ಲಿ ತ್ರೀ ಫೇಸ್ ಬರುವುದೇ ಸರದಿಯ ಮೇಲೆ. ಕೈಗಾರಿಕಾ ದರದ ಪ್ರತ್ಯೇಕ ಸಂಪರ್ಕ, ಠೇವಣಿ, ಯಂತ್ರಕ್ಕೆ ಕಾಂಕ್ರೀಟಿನ ಬುನಾದಿ ಎಲ್ಲ ಸೇರಿದರೆ ನಿಮ್ಮ ದುಡ್ಡು ಯಂತ್ರ ಬರುವ ಮೊದಲೇ ಮುಗಿದಿರುತ್ತದೆ.

ತಿದಿಯ ಜಾಗಕ್ಕೆ ಸಿಂಗಲ್ ಫೇಸಿನ ಸಣ್ಣ ಬ್ಲೋಯರ್ ಸಾಕು. ಅದರ ವೇಗವನ್ನು ಫ್ಯಾನ್ ರೆಗ್ಯುಲೇಟರಿನಿಂದ ತಗ್ಗಿಸಲು ಹೋಗಬೇಡಿ, ಇಂಡಕ್ಷನ್ ಮೋಟಾರು ಬಿಸಿಯಾಗಿ ಸುಡುತ್ತದೆ. ಗಾಳಿ ಕೊಳವೆಯಲ್ಲಿ ಜಾರುವ ತಗಡಿನ ಬಾಗಿಲೊಂದನ್ನು ಇಟ್ಟು ಗಾಳಿಯನ್ನೇ ಹೆಚ್ಚು ಕಡಿಮೆ ಮಾಡಿ. ಕೊಳವೆಗೆ ಸತು ಲೇಪಿಸಿದ ಜಿ.ಐ. ಪೈಪು ಬೇಡ, ಬೆಂಕಿಯ ಬಳಿ ಅದರ ಸತು ಆವಿಯಾಗಿ, ಉಸಿರಾಡಿದವರಿಗೆ ರಾತ್ರಿ ಚಳಿಜ್ವರ ಬರುತ್ತದೆ.

ಉತ್ತರ: ಮಲೆನಾಡಿನ ಕತ್ತಿ

ರೈಲು ಹಳಿಯ ಉಕ್ಕು ಗಟ್ಟಿಯೇನೋ ನಿಜ, ಆದರೆ ಗುಜರಿಯವರ ಬಳಿ ರಸೀದಿ ಕೇಳಿ. ಕದ್ದದ್ದೆಂದು ಅನುಮಾನ ಬರುವ ರೈಲ್ವೆ ಸೊತ್ತನ್ನು ಇಟ್ಟುಕೊಂಡಿರುವುದೇ 1966ರ ಕಾಯಿದೆಯ ಪ್ರಕಾರ ಶಿಕ್ಷಾರ್ಹ. ಅದನ್ನು ನ್ಯಾಯವಾಗಿ ಪಡೆದೆನೆಂದು ತೋರಿಸುವ ಹೊರೆ ನಿಮ್ಮ ಮೇಲೆಯೇ ಬೀಳುತ್ತದೆ. ಮುಂದೆ ದೊಡ್ಡ ಅಡಿಗಲ್ಲು ಕೊಳ್ಳುವಾಗ ಬೇರಿಂಗಿನ ಗುಂಡೊಂದನ್ನು ಒಯ್ದು ಒಂದಡಿ ಮೇಲಿನಿಂದ ಬೀಳಿಸಿ ನೋಡಿ: ಒಳ್ಳೆಯ ಉಕ್ಕಾದರೆ ಮುಕ್ಕಾಲು ಅಡಿಯಾದರೂ ಪುಟಿಯುತ್ತದೆ, ಬೀಡು ಕಬ್ಬಿಣವಾದರೆ ಸತ್ತಂತೆ ಕುಳಿತುಬಿಡುತ್ತದೆ.

ಹಣದ ವಿಷಯಕ್ಕೆ ಬಂದರೆ, 2023ರ ಸೆಪ್ಟೆಂಬರಿನಲ್ಲಿ ಆರಂಭವಾದ ಪಿ.ಎಂ. ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಕಮ್ಮಾರಿಕೆಯೂ ಸೇರಿದೆ. ಸಲಕರಣೆಗೆ 15,000 ರೂಪಾಯಿಯವರೆಗೆ ನೆರವು, ತರಬೇತಿಯ ನಂತರ ಮೊದಲ ಕಂತಿನಲ್ಲಿ ಒಂದು ಲಕ್ಷದವರೆಗೆ ಶೇ. 5ರ ಬಡ್ಡಿಗೆ ಸಾಲ ಇದೆ. ಮನೆಗೆ ಒಬ್ಬರಿಗೆ ಮಾತ್ರ. ಪಂಚಾಯಿತಿಯಲ್ಲಿ ವಿಚಾರಿಸಿ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಕೃತಜ್ಞತೆಗಳು. ಪವರ್ ಹ್ಯಾಮರನ್ನೂ ಹಳಿಯನ್ನೂ ಕೈಬಿಟ್ಟೆ. ಇನ್ನೆರಡು ಸಂದೇಹಗಳಿವೆ: ನಮ್ಮಲ್ಲಿ ಯಥೇಚ್ಛವಾಗಿ ಸಿಗುವ ತೆಂಗಿನ ಚಿಪ್ಪಿನ ಇದ್ದಿಲು ನಡೆಯುತ್ತದೆಯೇ? ಗುದ್ದಲಿಯಂತಹ ದಪ್ಪ ಕೆಲಸಕ್ಕೆ ಒಬ್ಬನೇ ಏನು ಮಾಡಬೇಕು?

ಉತ್ತರ: ಹಳೆಯ ಸುತ್ತಿಗೆ

ಚಿಪ್ಪಿನ ಇದ್ದಿಲು ಚೆನ್ನಾಗಿ ಕಾಯುತ್ತದೆ, ಆದರೆ ತೆಳುವಾದ ಚೂರುಗಳು ಬ್ಲೋಯರಿನ ಗಾಳಿಗೆ ಕಿಡಿಯಾಗಿ ಹಾರುತ್ತವೆ. ಕುಲುಮೆಯ ಮಾಡು ಸೋಗೆಯದಾಗಿದ್ದರೆ ಮೊದಲು ಅದನ್ನು ತೆಗೆಸಿ. ಬಳ್ಳಾರಿ ಜಾಲಿಯ ಗಟ್ಟಿ ಇದ್ದಿಲನ್ನು ಅರ್ಧಕ್ಕರ್ಧ ಬೆರೆಸಿ, ಗಾಳಿ ಕಡಿಮೆ ಬಿಡಿ.

ದಪ್ಪ ಕೆಲಸಕ್ಕೆ ವಾರದಲ್ಲಿ ಒಂದು ದಿನ ಚಮ್ಮಟಿಗೆ ಬೀಸಲು ಕೂಲಿಗೆ ಒಬ್ಬರನ್ನು ಕರೆಯಿರಿ, ಗುದ್ದಲಿಗಳನ್ನೆಲ್ಲ ಅಂದೇ ಮುಗಿಸಿ. ಉಳಿದ ದಿನಗಳಿಗೆ ಲೆಗ್ ವೈಸೊಂದು (ನೆಲದವರೆಗೆ ಕಾಲು ಇಳಿಯುವ, ವಸ್ತುವನ್ನು ದವಡೆಯಲ್ಲಿ ಬಿಗಿಹಿಡಿಯುವ ಸಲಕರಣೆ) ನಿಮ್ಮ ಎರಡನೆಯ ಕೈಯಾಗುತ್ತದೆ. ಅದರ ಕಾಲು ಪೆಟ್ಟನ್ನು ನೆಲಕ್ಕೆ ಇಳಿಸುವುದರಿಂದ ಕಾದ ಕಬ್ಬಿಣವನ್ನು ಅದರಲ್ಲೇ ಹಿಡಿದು ಬಡಿಯಬಹುದು. ಬೀಡಿನ ಬೆಂಚ್ ವೈಸಿನಲ್ಲಿ ಹಾಗೆ ಬಡಿದರೆ ದವಡೆ ಒಡೆಯುತ್ತದೆ. ತಾತನ ಅಡಿಗಲ್ಲು ಎತ್ತಿದ ಜಾಗದ ಗುಂಡಿಯನ್ನು ಮುಚ್ಚಬೇಡಿ, ವೈಸಿನ ಕಂಬವನ್ನು ಅಲ್ಲಿಯೇ ನೆಡಿ. ಅಷ್ಟು ವರ್ಷ ಪೆಟ್ಟು ತಿಂದ ನೆಲ ಚೆನ್ನಾಗಿ ಕುಳಿತಿರುತ್ತದೆ.