ಮೋಡ ಕವಿದಾಗ ಕೀಲುನೋವು ಹೆಚ್ಚುವುದೇಕೆ?

ಪ್ರಶ್ನೆ: ಮಳೆ ಬೀಳುವ ಮೊದಲೇ ನನ್ನ ಎಡ ಮೊಣಕಾಲು ಬಿಗಿದುಕೊಂಡು, ಮೆಟ್ಟಿಲು ಇಳಿಯುವುದೇ ಕಷ್ಟವಾಗುತ್ತದೆ. ಇದಕ್ಕೆ ವೈಜ್ಞಾನಿಕ ಕಾರಣವಿದೆಯೇ, ಅಥವಾ ಬರೀ ಭ್ರಮೆಯೇ?

ಉತ್ತರ 1: ಭ್ರಮೆಯೆಂದು ತಳ್ಳಿಹಾಕುವಂತಿಲ್ಲ. ವಾಯುಭಾರ ಕುಸಿದಾಗ ಕೀಲಿನ ಸುತ್ತಲಿನ ಅಂಗಾಂಶಗಳು ತುಸು ಹಿಗ್ಗಿ ನರಗಳನ್ನು ಕೆಣಕುತ್ತವೆ ಎಂಬ ವಿವರಣೆಯಿದೆ, ಅದಿನ್ನೂ ಸಾಬೀತಾಗಿಲ್ಲ. ಆದರೆ ಮ್ಯಾಂಚೆಸ್ಟರ್ ವಿಶ್ವವಿದ್ಯಾಲಯದ ಸಂಶೋಧಕರು 2019ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ತೇವಾಂಶ ಹೆಚ್ಚಿ, ವಾಯುಭಾರ ತಗ್ಗಿ, ಗಾಳಿ ಜೋರಾಗಿದ್ದ ದಿನಗಳಲ್ಲಿ ನೋವು ಸ್ವಲ್ಪಮಟ್ಟಿಗೆ ಹೆಚ್ಚಿದ್ದು ಕಂಡುಬಂದಿತ್ತು.

ಉತ್ತರ 2: ‘ಸ್ವಲ್ಪಮಟ್ಟಿಗೆ’ ಎಂಬುದನ್ನು ದಯವಿಟ್ಟು ಗಮನಿಸಿ. ಅಮೆರಿಕದ ಹಿರಿಯ ನಾಗರಿಕರ ಒಂದು ಕೋಟಿಗೂ ಹೆಚ್ಚು ವೈದ್ಯಭೇಟಿಗಳನ್ನು ಪರಿಶೀಲಿಸಿದ 2017ರ ಅಧ್ಯಯನದಲ್ಲಿ ಮಳೆಗೂ ಕೀಲುನೋವಿಗೂ ನಂಟು ಕಾಣಲಿಲ್ಲ. ನೋವಿಲ್ಲದ ಮಳೆಗಾಲದ ದಿನಗಳನ್ನು ಯಾರು ತಾನೇ ನೆನಪಿಟ್ಟುಕೊಳ್ಳುತ್ತಾರೆ?

ಉತ್ತರ 3: ಕಾರಣವೇನೇ ಇರಲಿ, ಮುದುಡಿ ಕುಳಿತಷ್ಟೂ ಕೀಲು ಬಿಗಿಯುತ್ತದೆ, ಬಿಸಿ ಶಾಖ ಕೊಟ್ಟು ಮನೆಯೊಳಗಾದರೂ ನಡೆದಾಡಿ. ಮೊಣಕಾಲು ಊದಿ, ಕೆಂಪಾಗಿ, ಜ್ವರವೂ ಬಂದರೆ ಹವೆಯನ್ನು ದೂರದೆ ಕೂಡಲೇ ವೈದ್ಯರನ್ನು ಕಾಣಿರಿ.